ಮದ್ಯ, ಮಾಂಸ, ಮಧು: ನಾಗರಖಂಡದ ಒಂದು ಹಳೆಯ ಪ್ರಶ್ನೆ

ಈಚೆಗೆ ಸೊರಬದ ಕಡೆಯ ಒಂದು ಹಳ್ಳಿಗೆ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನೆದುರಿಗೆ ಆ ಮನೆಯ ಮೊಮ್ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಕುಳಿತಿದ್ದ. ತುಪ್ಪ ಬಂದಿತು, ಬೇಡವೆಂದ. ಪಾಯಸ ಬಂದಿತು, ಹಾಲು ಹಾಕಿದೆಯೆಂದು ಕೇಳಿ ತಿಳಿದು ಎಲೆಗೆ ಕೈ ಅಡ್ಡ ಹಿಡಿದ. ಕೊನೆಗೆ ಮಜ್ಜಿಗೆಯೂ ಬೇಡವೆಂದಾಗ ಅಜ್ಜಿಗೆ ತಡೆಯಲಾಗಲಿಲ್ಲ. “ಮಜ್ಜಿಗೆ ಇಲ್ಲದೆ ಎಲೆ ಬಿಟ್ಟು ಏಳ್ತಾರೇನೋ ತಮ್ಮಾ, ಇದು ಯಾವ ವ್ರತ?” ಎಂದರು. ಹುಡುಗ ಸಮಾಧಾನವಾಗಿಯೇ ಹೇಳಿದ: “ಪ್ರಾಣಿಗಳಿಂದ ಬಂದದ್ದು ಯಾವುದನ್ನೂ ತಗೊಳ್ಳೋದಿಲ್ಲ ಅಜ್ಜಿ. ಹಾಲಿಲ್ಲ, ತುಪ್ಪ ಇಲ್ಲ, ಜೇನುತುಪ್ಪವೂ ಇಲ್ಲ.” ಪಕ್ಕದಲ್ಲಿದ್ದ ಅವನ ಸೋದರಮಾವ ಎಲೆಯಿಂದ ತಲೆಯೆತ್ತದೆ, “ಬಿಯರಿಗೆ ಏನಪ್ಪಾ ನಿನ್ನ ಶಾಸ್ತ್ರ?” ಎಂದುಬಿಟ್ಟರು. ಪಂಕ್ತಿಯೆಲ್ಲ ನಕ್ಕಿತು. ಹುಡುಗನೂ ನಕ್ಕ, ಆದರೆ ಉತ್ತರ ಕೊಡಲಿಲ್ಲ.

ನಗುವಿನಲ್ಲಿ ತೇಲಿಹೋದ ಆ ಪ್ರಶ್ನೆ ನಿಜವಾಗಿ ನಗೆಯಾಡುವಂಥದಲ್ಲ. ಹಾಲು ತುಪ್ಪಗಳನ್ನೂ ಬಿಟ್ಟವರನ್ನು ಈಗ ‘ವೀಗನ್’ ಎಂದು ಕರೆಯುತ್ತಾರೆ. ಈ ಮಾತು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವನ ಕೆಲವು ಸ್ನೇಹಿತರು ಸೇರಿ ಸ್ಥಾಪಿಸಿದ ಸಂಘದಿಂದ. ಮಾತು ಹೊಸದು. ಆದರೆ ಅದು ಎತ್ತುವ ಪ್ರಶ್ನೆಯ ಒಂದು ಮುಖ್ಯ ಭಾಗ, ಆ ಹುಡುಗ ಉಣ್ಣಲು ಕುಳಿತಿದ್ದ ನೆಲದಲ್ಲಿಯೇ, ಸಾವಿರ ವರ್ಷಗಳ ಹಿಂದೆ ಚರ್ಚೆಯಾಗಿ ತೀರ್ಮಾನವೂ ಆಗಿದ್ದಿತು. ಮದ್ಯವನ್ನು ಕುಡಿಯಬೇಕೆಂದಾಗಲಿ ಬಾರದೆಂದಾಗಲಿ ಉಪದೇಶಿಸುವುದು ನನ್ನ ಉದ್ದೇಶವಲ್ಲ. ಹಳೆಯ ತೀರ್ಮಾನವನ್ನೂ ಹೊಸ ಪ್ರಶ್ನೆಯನ್ನೂ ಎದುರುಬದುರಾಗಿ ಇಟ್ಟು ನೋಡುವುದಷ್ಟೇ ಇಲ್ಲಿಯ ಪ್ರಯತ್ನ.

ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳು ಹಿಂದೆ ಬನವಾಸಿ ಹನ್ನೆರಡು ಸಾಸಿರಕ್ಕೆ ಸೇರಿದ್ದುವು. ಆ ನಾಡಿನ ಒಂದು ವಿಭಾಗ ನಾಗರಖಂಡ ಎಪ್ಪತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಆ ಕಾಲದ ದೊಡ್ಡ ಪಟ್ಟಣ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐದು ದೇವರುಗಳ ಮಠಗಳೂ ಅಲ್ಲಿದ್ದುವೆಂದು ಶಾಸನಗಳು ಹೇಳುತ್ತವೆ. ಒಂದೇ ಪೇಟೆಯ ಬೀದಿಯಲ್ಲಿ ಐದು ಬಗೆಯ ಊಟದ ನಿಯಮಗಳಿದ್ದ ಜನ ಓಡಾಡುತ್ತಿದ್ದರೆಂದ ಮೇಲೆ, ಯಾರು ಏನನ್ನು ತಿನ್ನುತ್ತಾರೆ, ಏಕೆ ತಿನ್ನುವುದಿಲ್ಲ ಎಂಬ ಮಾತು ಅಲ್ಲಿ ದಿನನಿತ್ಯದ್ದಾಗಿಯೇ ಇದ್ದಿರಬೇಕು. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ ಸೊರಬದ ಶಾಸನಗಳನ್ನೂ ಪ್ರಕಟಿಸಿದ ಮೇಲೆ ಈ ಜನರಲ್ಲಿ ಅನೇಕರ ಹೆಸರುಗಳು ನಮಗೆ ತಿಳಿದುಬಂದುವು.

ಅವರಲ್ಲಿ ಒಬ್ಬಳು ಜಕ್ಕಿಯಬ್ಬೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಇವಳ ಗಂಡ ನಾಗರಖಂಡದ ನಾಳ್ಗಾವುಂಡನಾಗಿದ್ದ. ಅವನು ತೀರಿಕೊಂಡ ಮೇಲೆ ಆ ಅಧಿಕಾರ ಇವಳಿಗೆ ಬಂದಿತು. ನಾಡನ್ನು ಆಳಿ, ಕೊನೆಗೆ ರೋಗ ಬಾಧಿಸಿದಾಗ ಮಗಳಿಗೆ ಭಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಗೆ ಹೋಗಿ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟಳು. ಆ ಬಂದಣಿಕೆಯೇ ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥನಿಗೆ ಬಸದಿ ಕಟ್ಟಿಸಿದಳು. ಅದೇ ತಾಲ್ಲೂಕಿನ ಹಿರೇಆವಲಿಯಲ್ಲಿ ನಿಸಿಧಿಗಲ್ಲುಗಳ ಒಂದು ದೊಡ್ಡ ಸಮೂಹವೇ ಇದೆ. ಸಮಾಧಿಮರಣದಿಂದ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು. ಇಲ್ಲಿ ನೆನೆದಿರುವವರಲ್ಲಿ ಬಹುಮಂದಿ ಸನ್ಯಾಸಿಗಳಲ್ಲ. ಊರಿನ ಗೌಡರು, ಅವರ ಮನೆಯ ಹೆಂಗಸರು, ಗದ್ದೆ ಮಾಡಿಕೊಂಡಿದ್ದ ಗೃಹಸ್ಥರು. ಆದುದರಿಂದ ಅವರ ಧರ್ಮ ಕೇವಲ ಗ್ರಂಥದ ಧರ್ಮವಲ್ಲ, ಅಡುಗೆಮನೆಯ ಧರ್ಮವೂ ಹೌದು.

ಜೈನ ಗೃಹಸ್ಥನಿಗೆ, ಎಂದರೆ ಶ್ರಾವಕನಿಗೆ, ಮೊದಲು ಹೇಳಿಕೊಡುವುದು ಎಂಟು ಮೂಲಗುಣಗಳನ್ನು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧು ಈ ಮೂರನ್ನು ಬಿಡುವುದೂ ಐದು ಅಣುವ್ರತಗಳೂ ಸೇರಿ ಎಂಟಾಗುತ್ತವೆ. ಹತ್ತನೆಯ ಶತಮಾನದ ಅಮೃತಚಂದ್ರರು ಅದೇ ಮೂರರೊಡನೆ ಐದು ಬಗೆಯ ಹಣ್ಣುಗಳನ್ನು ಸೇರಿಸುತ್ತಾರೆ: ಅತ್ತಿ, ಆಲ, ಅರಳಿ, ಬಸರಿ ಮೊದಲಾದ ಒಂದೇ ಜಾತಿಯವು. ಈ ಹಣ್ಣುಗಳನ್ನು ಏಕೆ ಬಿಡಬೇಕು? ಅತ್ತಿಯ ಹಣ್ಣನ್ನು ಬಿಡಿಸಿ ನೋಡಿದವರಿಗೆಲ್ಲ ಉತ್ತರ ಗೊತ್ತು: ಒಳಗೆ ಹುಳುಗಳಿರುತ್ತವೆ. ಜೇನನ್ನು ಬಿಡುವುದೂ ಹಾಗೆಯೇ; ಹುಟ್ಟನ್ನು ಹಿಂಡುವಾಗ ಹುಳುಗಳೂ ಮರಿಗಳೂ ಸಾಯುತ್ತವೆ. ಮಾಂಸದ ವಿಷಯವನ್ನಂತೂ ಹೇಳಬೇಕಾಗಿಲ್ಲ.

ಹಾಗಾದರೆ ಮದ್ಯವೇಕೆ ಇವುಗಳ ಸಾಲಿನಲ್ಲಿ ಬಂದಿತು? ಕುಡಿದವನಿಗೆ ಬುದ್ಧಿ ಕೆಡುತ್ತದೆಂಬ ಕಾರಣವನ್ನು ಎಲ್ಲ ಮತದವರೂ ಹೇಳುತ್ತಾರೆ, ಅಮೃತಚಂದ್ರರೂ ಹೇಳುತ್ತಾರೆ. ಆದರೆ ಅವರು ಅಲ್ಲಿಗೆ ನಿಲ್ಲುವುದಿಲ್ಲ. ಮದ್ಯವೆಂಬುದು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ನೆಲೆ, ಅದನ್ನು ಕುಡಿಯುವವನಿಗೆ ಆ ಜೀವಿಗಳ ಹಿಂಸೆ ತಪ್ಪದು ಎಂಬುದು ಅವರ ವಾದ. ಎಂದರೆ ಮದ್ಯ ಅವರಿಗೆ ಅಮಲಿನ ಪದಾರ್ಥವಾಗಿ ಮಾತ್ರವೇ ಅಲ್ಲ, ಜೀವವಿರುವ ಪದಾರ್ಥವಾಗಿಯೂ ವರ್ಜ್ಯ. ರುಚಿ ಕೆಟ್ಟು ಬದಲಾದ ಅಡುಗೆಯನ್ನು ‘ಚಲಿತರಸ’ವೆಂದು ಬಿಡುವುದರ ಹಿಂದೆಯೂ ಇದೇ ವಿಚಾರವಿದೆ.

ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇದು ಊಹೆಯ ಮಾತು. ಆದರೆ ಎಂಥ ಊಹೆ! ಯೂರೋಪಿನಲ್ಲಿ ಲೇವನ್‌ಹುಕ್ ಎಂಬ ಡಚ್ಚರವನು 1680ರಲ್ಲಿ ಬಿಯರಿನ ಮಡ್ಡಿಯನ್ನು ಮಸೂರದ ಕೆಳಗೆ ನೋಡಿ ಸಣ್ಣ ಸಣ್ಣ ಗೋಲಿಗಳನ್ನು ಕಂಡ; ಜೀವಿಗಳೆಂದು ಅವನಿಗೆ ತೋರಲಿಲ್ಲ. 1837ರಲ್ಲಿ ಫ್ರಾನ್ಸಿನ ಕಾನ್ಯಾರ್ ಲಾತೂರ್, ಜರ್ಮನಿಯ ಶ್ವಾನ್ ಇಬ್ಬರೂ ಬೇರೆ ಬೇರೆಯಾಗಿ ಅವು ಬೆಳೆಯುವ, ಮೊಳೆಯುವ ಜೀವಿಗಳೆಂದು ಹೇಳಿದರು. ಆಗಿನ ದೊಡ್ಡ ರಸಾಯನಶಾಸ್ತ್ರಜ್ಞರು ನಂಬಲಿಲ್ಲ. 1839ರಲ್ಲಿ ಲೀಬಿಗ್ ಮತ್ತು ವೋಲರ್ ಹೆಸರು ಹಾಕದೆ ಒಂದು ಹಾಸ್ಯಲೇಖನವನ್ನೇ ಪ್ರಕಟಿಸಿದರು: ಯೀಸ್ಟ್ ಎಂಬುವು ಪುಟ್ಟ ಪ್ರಾಣಿಗಳಂತೆ, ಸಕ್ಕರೆ ತಿಂದು ಮದ್ಯಸಾರವನ್ನು ವಿಸರ್ಜಿಸುತ್ತವೆಯಂತೆ! ಲೂಯಿ ಪಾಸ್ತರ್ ತನ್ನ ಪ್ರಯೋಗಗಳಿಂದ ಆ ನಗುವನ್ನು ನಿಲ್ಲಿಸಿದ. ಬಿಯರನ್ನು ಕುರಿತ ಅವನ ಗ್ರಂಥ ಹೊರಬಂದದ್ದು 1876ರಲ್ಲಿ. ಅಮೃತಚಂದ್ರರು ಹೇಳಿದ್ದ ಜೀವಿಗಳೇ ಇವು ಎಂದು ನಾವು ಹೆಮ್ಮೆಪಡುವುದು ಸರಿಯಲ್ಲ. ಅವರದು ಧರ್ಮದ ದೃಷ್ಟಿ, ಪಾಸ್ತರನದು ಪ್ರಯೋಗದ ದೃಷ್ಟಿ. ಆದರೂ ಹುಳಿಬರುವ ರಸದಲ್ಲಿ ಏನೋ ಜೀವದ ಕೆಲಸ ನಡೆಯುತ್ತಿದೆಯೆಂಬ ಅರಿವು ನಮ್ಮ ನಾಡಿನ ಗೃಹಸ್ಥರಿಗೆ ಹೊಸದಾಗಿರಲಿಲ್ಲವೆಂಬುದನ್ನು ಒಪ್ಪಬೇಕು.

ಈಗ ಬಿಯರಿನ ಕಡೆಗೆ ಬರೋಣ. ಅದನ್ನು ಮಾಡುವ ಕ್ರಮ ಸರಳವಾದುದು. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸಿ ಒಣಗಿಸುತ್ತಾರೆ; ಒಡೆದು ಬಿಸಿನೀರಿನಲ್ಲಿ ಕಲಸಿದಾಗ ಪಿಷ್ಟ ಸಕ್ಕರೆಯಾಗಿ ಸಿಹಿರಸ ಬರುತ್ತದೆ; ಅದಕ್ಕೆ ಹಾಪ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. 1516ರಲ್ಲಿ ಬವೇರಿಯದ ದೊರೆಗಳು ಹೊರಡಿಸಿದ ಆಜ್ಞೆಯಲ್ಲಿ ಬಿಯರಿಗೆ ಬಾರ್ಲಿ, ಹಾಪ್, ನೀರು ಈ ಮೂರನ್ನು ಬಿಟ್ಟು ಬೇರೇನನ್ನೂ ಹಾಕಕೂಡದೆಂದು ಹೇಳಿದೆ. ಯೀಸ್ಟಿನ ಹೆಸರೇ ಅದರಲ್ಲಿಲ್ಲ; ಅದೊಂದು ಜೀವವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಈ ಲೆಕ್ಕದಲ್ಲಿ ಬಿಯರು ಪೂರ್ತಿ ಸಸ್ಯಮೂಲದ್ದೇ. ತುಪ್ಪವನ್ನು ಬಿಟ್ಟ ಹುಡುಗನಿಗೆ ಇದರಲ್ಲಿ ಅಡ್ಡಿಯೇನು?

ಅಡ್ಡಿ ಬರುವುದು ಕೊನೆಯ ಹಂತದಲ್ಲಿ, ರಸವನ್ನು ತಿಳಿಗೊಳಿಸುವಾಗ. ಯೀಸ್ಟಿನ ಕಣಗಳು ತೇಲುತ್ತಿದ್ದರೆ ಬಿಯರು ಮಬ್ಬಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಪೀಪಾಯಿಯಲ್ಲಿಟ್ಟು ಮಾರುವ ಬಿಯರನ್ನು ತಿಳಿಗೊಳಿಸಲು ಐಸಿಂಗ್ಲಾಸ್ ಎಂಬುದನ್ನು ಬಳಸುವ ಪದ್ಧತಿ ಬೆಳೆಯಿತು. ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ ತೆಗೆದ ಅಂಟು. ಅದರ ಕಣಗಳಿಗೆ ಯೀಸ್ಟಿಗೆ ವಿರುದ್ಧವಾದ ವಿದ್ಯುದಂಶವಿರುವುದರಿಂದ ಎರಡೂ ಒಂದನ್ನೊಂದು ಹಿಡಿದು ಗಂಟುಕಟ್ಟಿ ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿ ನಿಲ್ಲುತ್ತದೆ. ಮೊದಲು ರಷ್ಯದ ಸ್ಟರ್ಜನ್ ಮೀನಿನಿಂದ ಬರುತ್ತಿದ್ದ ಇದು ದುಬಾರಿಯಾಗಿದ್ದಿತು. ಜೇಮ್ಸ್ ವಾಟನ ಕಾರ್ಖಾನೆಯಲ್ಲಿದ್ದ ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರು 1795ರಲ್ಲಿ ಅಗ್ಗದ ಕಾಡ್ ಮೀನಿನಿಂದಲೇ ಅದನ್ನು ತಯಾರಿಸಿದಾಗ ಲಂಡನ್ನಿನ ಬಿಯರ್ ತಯಾರಕರು ಆ ವಿಧಾನಕ್ಕೆ 2000 ಪೌಂಡು ಕೊಟ್ಟರು. 1842ರಲ್ಲಿ ಫೋರ್ಬ್ಸ್ ರಾಯ್ಲ್ ಎಂಬ ವಿದ್ವಾಂಸನು ಭಾರತದ ಕಡಲತೀರಗಳಲ್ಲಿ ಐಸಿಂಗ್ಲಾಸನ್ನು ಉತ್ಪಾದಿಸುವುದನ್ನು ಕುರಿತು ಪುಸ್ತಕವನ್ನೇ ಬರೆದ. 1759ರಲ್ಲಿ ಆರಂಭವಾದ ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆ ಮೀನಿನ ಅಂಟನ್ನು ಬಿಡುವುದಾಗಿ ಪ್ರಕಟಿಸಿದ್ದು 2015ರಲ್ಲಿ.

ಎಲ್ಲ ಬಿಯರಿಗೂ ಇದು ಬೇಕಾಗಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಾರಾಟವಾಗುವುದು ಲಾಗರ್ ಬಗೆಯದು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಸ್ಥಾಪಿಸಿದ, ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಯುನೈಟೆಡ್ ಬ್ರೂವರೀಸಿನ ಹೆಸರು ಪಡೆದ ಬಿಯರೂ ಈ ಬಗೆಯದೇ. ಲಾಗರನ್ನು ತಣ್ಣಗೆ ಇಟ್ಟರೆ ಯೀಸ್ಟ್ ತಾನಾಗಿ ತಳಕ್ಕಿಳಿಯುತ್ತದೆ; ಅನಂತರ ಸೋಸುತ್ತಾರೆ. ಸೋಸಲು ಬಳಸುವ ಒಂದು ಬಿಳಿಯ ಪುಡಿ, ಲಕ್ಷಾಂತರ ವರ್ಷಗಳ ಹಿಂದಿನ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದುದು. ಕಡಲಪಾಚಿಯಿಂದ ತಿಳಿಗೊಳಿಸುವವರೂ ಇದ್ದಾರೆ. ಜೆಲಟಿನ್ ಎಂಬ ಮೂಳೆ ಚರ್ಮಗಳ ಅಂಟನ್ನು ಬಳಸುವವರೂ ಇದ್ದಾರೆ. ಹಾಲಿನ ಸಕ್ಕರೆಯನ್ನೋ ಜೇನನ್ನೋ ಬೆರೆಸಿದ ಬಿಯರುಗಳೂ ಇವೆ. ಆದುದರಿಂದ ವೀಗನ್ ಆದವನಿಗೆ ಬಿಯರ್ ಆಗುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಬಹುಪಾಲು ಆಗುತ್ತದೆ, ಕೆಲವು ಆಗುವುದಿಲ್ಲ. ಯಾವುದು ಎಂಬುದು ಅದನ್ನು ಮಾಡಿದವನಿಗೆ ಗೊತ್ತು.

ನಮ್ಮ ಹಿಂದಿನವರು ಮದ್ಯವನ್ನು ಹೇಗೆ ಮಾಡುತ್ತಿದ್ದರು? ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಅದರಲ್ಲಿ ‘ಮೇದಕ’ವೆಂಬುದರ ಅಳತೆ ಹೀಗೆ: ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಇದು ಅಕ್ಕಿಯ ಬಿಯರೇ ಸರಿ. ಆ ಕಿಣ್ವವನ್ನು ಮಾಡುವುದಕ್ಕೆ ಉದ್ದು ಮತ್ತು ಅಕ್ಕಿ ಬೇಕು. ನಮ್ಮ ದೋಸೆಯ ಹಿಟ್ಟಿಗೆ ರುಬ್ಬುವ ಅದೇ ಎರಡು ಧಾನ್ಯಗಳು. ಇಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ‘ಕಿಣ್ವ’ವೆಂದು ಓದುವುದು ಆ ಸುರೆಯ ಮಾತನ್ನೇ. ಇನ್ನೊಂದು ಬಗೆಯ ಮದ್ಯದ ಹೆಸರು ‘ಪ್ರಸನ್ನ’, ಎಂದರೆ ತಿಳಿಯಾದುದು. ಬಣ್ಣವನ್ನು ತಿಳಿಗೊಳಿಸಲು ಮಧುಕದ ಕಷಾಯ ಬೆರೆಸಿದ ಸಕ್ಕರೆಯ ಪಾಕವನ್ನು ಹೇಳಿದೆ. ಮೀನಿನ ಮಾತಿಲ್ಲ. ಬನವಾಸಿ ನಾಡನ್ನೂ ಆಳುತ್ತಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ಕ್ರೀಡೆಗಳ ನಡುವೆ ಮದಿರಾಪಾನಕ್ರೀಡೆಯೂ ಒಂದು. ಆದ್ದರಿಂದ ಜೈನ ಶ್ರಾವಕರು ಬಿಟ್ಟದ್ದು ತಮ್ಮ ನಾಡಿನಲ್ಲಿ ಇಲ್ಲದ ವಸ್ತುವನ್ನಲ್ಲ. ಅರಮನೆಯಲ್ಲಿಯೇ ಮರ್ಯಾದೆಯಿದ್ದ ವಸ್ತುವನ್ನು.

ಈಗ ಎರಡು ವ್ರತಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಹಿರೇಆವಲಿಯ ಗೌಡನ ಎಲೆಯಲ್ಲಿ ಹಾಲು, ಮೊಸರು, ತುಪ್ಪಗಳಿಗೆ ಅಡ್ಡಿಯಿಲ್ಲ, ಜೇನಿಲ್ಲ, ಮದ್ಯವಿಲ್ಲ. ಬೆಂಗಳೂರಿನ ಹುಡುಗನ ಎಲೆಯಲ್ಲಿ ಹಾಲಿಲ್ಲ, ತುಪ್ಪವಿಲ್ಲ, ಜೇನೂ ಇಲ್ಲ. ಮೀನಿನ ಅಂಟು ಸೋಕದ ಬಿಯರಿಗೆ ಅಡ್ಡಿಯಿಲ್ಲ. ಜೇನಿನಲ್ಲಿ ಇಬ್ಬರೂ ಒಂದಾಗುತ್ತಾರೆ. ಹಾಲಿನಲ್ಲಿಯೂ ಮದ್ಯದಲ್ಲಿಯೂ ಬೇರೆಯಾಗುತ್ತಾರೆ. ಹುಡುಗ ಕೇಳುವುದು ‘ಇದಕ್ಕಾಗಿ ಯಾವ ಪ್ರಾಣಿಗೆ ನೋವಾಯಿತು?’ ಎಂದು. ಯೀಸ್ಟ್ ಅಣಬೆಯ ಜಾತಿಯದು, ನೋವು ತಿಳಿಯುವ ಪ್ರಾಣಿಯಲ್ಲ. ಅದು ಅವನ ಲೆಕ್ಕಕ್ಕೆ ಬರುವುದಿಲ್ಲ. ಗೌಡ ಕೇಳುತ್ತಿದ್ದುದು ‘ಇದರಲ್ಲಿ ಎಷ್ಟು ಜೀವಗಳಿವೆ?’ ಎಂದು. ಹಸುವಿನ ಕರುವಿಗೆ ಸಲ್ಲಬೇಕಾದ ಹಾಲು ಅವನ ಲೆಕ್ಕಕ್ಕೆ ಬರಲಿಲ್ಲ. ಇಬ್ಬರ ಕರುಣೆಯೂ ನಿಜವಾದದ್ದೇ. ಇಬ್ಬರ ಕರುಣೆಯೂ ಒಂದು ಕಡೆ ಗೆರೆ ಎಳೆದು ನಿಲ್ಲುತ್ತದೆ.

ನಿಲ್ಲದೆ ಉಪಾಯವಿಲ್ಲವೆಂಬುದನ್ನು ಇಬ್ಬರೂ ಬಲ್ಲರು. ಗದ್ದೆಯಲ್ಲಿ ನೇಗಿಲು ಹೂಡಿದರೆ ಹುಳು ಸಾಯುತ್ತದೆ. ಜೈನ ಆಚಾರ್ಯರು ಅದನ್ನು ‘ಆರಂಭೀ ಹಿಂಸೆ’ ಎಂದು ಬೇರೆಯಿಟ್ಟು, ಬದುಕಿಗೆ ಬೇಕಾದ ಕೆಲಸದಲ್ಲಿ ತಪ್ಪಿಸಲಾರದ ಹಿಂಸೆಯನ್ನು ಗೃಹಸ್ಥನಿಗೆ ಮನ್ನಿಸಿದರು. ಬೇಕೆಂದು ಮಾಡುವ ‘ಸಂಕಲ್ಪೀ ಹಿಂಸೆ’ಯನ್ನು ಮನ್ನಿಸಲಿಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ ಮಗ ಜನ್ಮಜನ್ಮಾಂತರಗಳಲ್ಲಿ ತೊಳಲುವುದು ಇದೇ ಸಂಕಲ್ಪದ ದೋಷದಿಂದ. ಇಂಗ್ಲೆಂಡಿನ ವೀಗನ್ ಸಂಘದ ವ್ಯಾಖ್ಯೆಯೂ ‘ಸಾಧ್ಯವಾದಷ್ಟು, ಆಚರಣೆಗೆ ಬರುವಷ್ಟು’ ಎಂಬ ಮಿತಿಯನ್ನು ಇಟ್ಟುಕೊಂಡಿದೆ. ಅನ್ನವಿಲ್ಲದೆ ಬದುಕಲಾಗದು, ಮದ್ಯವಿಲ್ಲದೆ ಬದುಕಬಹುದು. ಬೇಕಿಲ್ಲದ ವಸ್ತುವಿಗೆ ಎಷ್ಟು ಜೀವಗಳನ್ನು ತೆರಬಹುದು ಎಂಬ ಗೌಡನ ಪ್ರಶ್ನೆಯನ್ನು ಹುಡುಗನೂ ಒಮ್ಮೆ ಕೇಳಿಕೊಳ್ಳಬಹುದು. ಹಾಗೆಯೇ ಕರುವಿನ ಮಾತನ್ನು ಆ ಗೌಡನಿಗೆ ಹೇಳುವ ಹಕ್ಕು ಹುಡುಗನಿಗೂ ಉಂಟು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ವಸ್ತುವನ್ನು ಬಿಡುವವನು ಅದನ್ನು ಮಾಡುವವನನ್ನು ಹೀನವಾಗಿ ಕಾಣುವುದು ನಮ್ಮಲ್ಲಿ ಬಹಳ ಸುಲಭವಾಗಿ ನಡೆದುಬಂದಿದೆ. ಬಳ್ಳಿಗಾವೆ ಅಲ್ಲಮಪ್ರಭುವಿನ ಊರು, ಅದೇ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಅವರು ಕೂಡಿದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವ ಕಾಯಕದ ಮಾತುಗಳಿಂದಲೇ ಅವನು ತನ್ನ ವಚನಗಳನ್ನು ಕಟ್ಟಿದ. ಶರಣರು ಅವನನ್ನು ಹೊರಗಿಡಲಿಲ್ಲ. ಆಹಾರದ ವಿಚಾರವನ್ನು ಮನುಷ್ಯರ ಮೇಲುಕೀಳಿನ ವಿಚಾರವನ್ನಾಗಿ ಮಾಡಿದ ದಿನ ಕರುಣೆ ಪ್ರಾಣಿಗಳಿಗೆ ದೊರೆತು ಮನುಷ್ಯರಿಗೆ ತಪ್ಪುತ್ತದೆ.

ಉಳಿದದ್ದು ತಿಳಿದುಕೊಳ್ಳುವ ಹಕ್ಕಿನ ಮಾತು. ನಮ್ಮ ದೇಶದಲ್ಲಿ 2001ರಿಂದ ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಗುರುತು ಬಂದಿದೆ. ಆದರೆ 2020ರ ನಿಯಮಗಳಲ್ಲಿ ಈ ಗುರುತು ಬೇಕಿಲ್ಲವೆಂದು ಬಿಟ್ಟಿರುವ ಪದಾರ್ಥಗಳ ಪಟ್ಟಿಯಲ್ಲಿ ಹಾಲು, ಜೇನು, ಮದ್ಯ ಈ ಮೂರೂ ಇವೆ! ನಮ್ಮ ಗೌಡನೂ ಹುಡುಗನೂ ವಾದಕ್ಕೆ ನಿಂತಿರುವುದು ಈ ಮೂರರ ಮೇಲೆಯೇ ಅಲ್ಲವೆ? 2021ರ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ, ಎಷ್ಟೇ ಅಲ್ಪ ಪ್ರಮಾಣದ್ದಾದರೂ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ತಿಳಿಸಬೇಕೆಂದು ಹೇಳಿತು. 2022ರ ವೀಗನ್ ಆಹಾರ ನಿಯಮಗಳು ತಯಾರಿಕೆಯ ಯಾವ ಹಂತದಲ್ಲಿ ಬಳಸಿ ತೆಗೆದ ವಸ್ತುವಾದರೂ ಪ್ರಾಣಿಮೂಲದ್ದಾಗಿರಕೂಡದೆಂದು ಹೇಳುತ್ತವೆ. ತಳಕ್ಕಿಳಿದ ಮೀನಿನ ಅಂಟೂ ಈಗ ಲೆಕ್ಕಕ್ಕೆ ಬಂದಿತು.

ಕತಕವೆಂಬ ಒಂದು ಮರವಿದೆ. ನಮ್ಮಲ್ಲಿ ಚಿಲ್ಲ ಎನ್ನುತ್ತಾರೆ. ಅದರ ಬೀಜವನ್ನು ಮಡಕೆಯ ಒಳಮೈಗೆ ತೇದು ಕದಡಿದ ನೀರನ್ನು ತುಂಬಿದರೆ ಸ್ವಲ್ಪ ಹೊತ್ತಿನಲ್ಲಿ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಆ ಮರದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯಲ್ಲಿ ಒಂದು ಮಾತು ಬರುತ್ತದೆ. ವ್ರತದ ಹೆಸರಿಗೂ ಈ ಮಾತು ಒಪ್ಪುತ್ತದೆ. ಬಾಟಲಿಯ ಮೇಲಿನ ಹೆಸರಿಗೂ ಒಪ್ಪುತ್ತದೆ. ಬೀಜವನ್ನು ತೇಯಬೇಕು, ಎಂದರೆ ಕೇಳಿ ತಿಳಿಯಬೇಕು. ಆ ದಿನ ಪಾಯಸ ಬಡಿಸಲು ಬಂದವರನ್ನು ಹಾಲು ಹಾಕಿದೆಯೇ ಎಂದು ಕೇಳಿದ ಹುಡುಗ ತನಗೆ ತಿಳಿಯದೆಯೇ ಹಿರೇಆವಲಿಯವರ ದಾರಿಯಲ್ಲಿ ನಡೆದಿದ್ದ. ಸೋದರಮಾವನ ಪ್ರಶ್ನೆಗೂ ಅವನು ಹಾಗೆಯೇ ಕೇಳಿ ತಿಳಿದು ಉತ್ತರ ಕೊಡುವಂತಾದರೆ, ಪಂಕ್ತಿ ನಕ್ಕದ್ದೂ ಸಾರ್ಥಕವಾಗುತ್ತದೆ.